ಅನಗವಾಡಿ ದಾರಿಯಲ್ಲಿ ನಿಲ್ಲುವ ಕಾರು

ಯಂತ್ರಗಳ ವಿಷಯದಲ್ಲಿ ನಾನು ಶುದ್ಧ ದಡ್ಡ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಕಾರು ಕೆಟ್ಟು ನಿಂತರೆ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಗಂಭೀರವಾಗಿ ನೋಡುತ್ತೇನೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆದರೂ ಅಪ್ಪ ಕೊಂಡಿದ್ದ ಹಳೆಯ ಕಾರನ್ನು ಮಾರಲು ಮನಸ್ಸು ಒಪ್ಪಿರಲಿಲ್ಲ. ಜಮಖಂಡಿಯ ನಮ್ಮ ಮನೆಯಿಂದ ಅವ್ವನನ್ನು ಅವಳ ತವರು ಅನಗವಾಡಿಗೆ ಅಪ್ಪ ಕರೆದೊಯ್ಯುತ್ತಿದ್ದುದು ಅದರಲ್ಲೇ. ಅವರು ತೀರಿಕೊಂಡ ಮೇಲೂ ಆಕೆ ಬೇರೆ ಗಾಡಿ ಹತ್ತಲಿಲ್ಲ.

ಇತ್ತೀಚೆಗೆ ಅದಕ್ಕೊಂದು ರೋಗ ಅಂಟಿತ್ತು. ಬೀಳಗಿ ದಾಟಿ ಹೋಗುವಾಗ ಇದ್ದಕ್ಕಿದ್ದಂತೆ ಎಂಜಿನ್ ಬಂದ್. ಎಲ್ಲರೂ ಇಳಿದು ಬೇವಿನ ಗಿಡದ ನೆರಳಿಗೆ ಹೋಗುತ್ತಿದ್ದೆವು. ಅವ್ವ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತ, ಮದುವೆಯಾದ ಹೊಸದರಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತು ಇದೇ ದಾರಿಯಲ್ಲಿ ಹೋದದ್ದನ್ನು ಹೇಳುತ್ತಿದ್ದಳು. ಊಟ ಮುಗಿಸಿ ಬಂದು ಕೀಲಿ ತಿರುವಿದರೆ ಕಾರು ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು.

ವೈರಿಂಗ್ ಕೆಲಸದ ಮಲ್ಲಪ್ಪನ ಗ್ಯಾರೇಜಿನಲ್ಲಿ ಮಾತ್ರ ಅದು ಒಮ್ಮೆಯೂ ನಿಲ್ಲಲಿಲ್ಲ. "ಗಾಡಿ ಛಲೋ ಐತ್ರಿ ಸರ. ಬಂದ್ ಬಿದ್ದಾಗ ತಗೊಂಡ ಬರ್ರಿ," ಎಂದ.

"ಬಂದ್ ಬಿದ್ದ ಗಾಡಿ ಹೆಂಗ ತಗೊಂಡ ಬರ್ಲಿ ಮಲ್ಲಪ್ಪಾ?" ಎಂದೆ.

ಬ್ಯಾಟರಿ ಬದಲಾಯಿತು, ಕೀಲಿಯ ಸ್ವಿಚ್ ಬದಲಾಯಿತು, ರೋಗ ಬದಲಾಗಲಿಲ್ಲ. ಕೊನೆಗೆ ನನ್ನ ಹೆಂಡತಿ, "ಅತ್ತಿಯವರನ್ನ ಬಿಸಿಲಾಗ ನಡು ದಾರ್ಯಾಗ ಕುಂಡ್ರಸೂದು ಸಾಕು. ಇದೊಂದ ಸಲ ನೋಡ್ರಿ, ಇಲ್ಲಂದ್ರ ಮಾರಿಬಿಡ್ರಿ," ಎಂದಳು. ಮಲ್ಲಪ್ಪನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು.

ಹೋಗುವಾಗ ಏನೂ ಆಗಲಿಲ್ಲ. ಹೊರಗಿನ ಗಂಡಸು ಕಾರಿನಲ್ಲಿದ್ದಾನೆಂದು ಅವ್ವ ಸೆರಗು ಹೊದ್ದು, ಕಾಲು ಕೆಳಗಿಟ್ಟು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು. ಸೋದರಮಾವನ ಮನೆಯಲ್ಲಿ ಮಲ್ಲಪ್ಪ ಮತ್ತೊಂದು ಹೋಳಿಗೆ ಹಾಕಿಸಿಕೊಂಡ ಮೇಲೆ ಅವಳಿಗೆ ಅವನು ಮನೆಮಗನಾದ. ಮರಳುವಾಗ ಎಂದಿನಂತೆ ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ, ಹಿಂದೆ ತಿರುಗಿ, "ನಿನ್ನ ಹೇಂತಿ ಯಾವೂರಾಕಿಪಾ?" ಎಂದು ಕೇಳಿದಳು. ಎಂಜಿನ್ ಬಂದ್.

ನಾನು ಬಾನೆಟ್ ಎತ್ತಲು ಬಾಗಿಲು ತೆರೆದೆ. "ಸರ, ಯಾರೂ ಇಳೀಬ್ಯಾಡ್ರಿ. ಅವ್ವಾರ, ನೀವು ಹಂಗ ಕುಂತಿರ್ರಿ," ಎಂದು ಮಲ್ಲಪ್ಪ ಅವಳ ಸೀಟಿನ ಕೆಳಗೆ ಕೈ ಹಾಕಿದ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ವೈರು ಅಲ್ಲಿ ಹಾಯ್ದಿತ್ತು. ಅದರ ಜೋಡಣೆ ಸಡಿಲವಾಗಿತ್ತು. ಬೀಳಗಿ ದಾಟಿ ತವರು ಹತ್ತಿರವಾದಂತೆ ಮಾತಿನ ಹುರುಪಿನಲ್ಲಿ ಅವ್ವ ಹಾಗೆ ತಿರುಗಿದಾಗ ಸೀಟು ಒತ್ತಿ ವೈರು ಬಿಡುತ್ತಿತ್ತು, ಅವಳು ಇಳಿದಾಗ ಮತ್ತೆ ಕೂಡುತ್ತಿತ್ತು. ಅಲ್ಲೇ ಕೂತು ಗಟ್ಟಿಯಾಗಿ ಜೋಡಿಸಿ ಟೇಪು ಸುತ್ತಿದ. ಕಾರು ಮಾರುವ ಮಾತು ನಿಂತಿತು.

ಮುಂದಿನ ಸಲ ಕಾರು ಎಲ್ಲಿಯೂ ನಿಲ್ಲಲಿಲ್ಲ. "ಇಷ್ಟ ಲಗೂ ಬಂತು?" ಎಂದು ಅವ್ವ ಬುತ್ತಿ ಬಿಚ್ಚದೆಯೇ ಅನಗವಾಡಿಯಲ್ಲಿ ಇಳಿದಳು. ದಾರಿಯುದ್ದಕ್ಕೂ ಅಪ್ಪನ ಮಾತೇ ಬಂದಿರಲಿಲ್ಲ.

ಮೊನ್ನೆ ಬೀಳಗಿ ದಾಟಿದ ಮೇಲೆ ನಾನು ಸದ್ದಿಲ್ಲದೆ ಕೀಲಿ ತಿರುವಿ ಎಂಜಿನ್ ಆರಿಸಿದೆ. "ಮತ್ತ ಬಂದ್ ಬಿತ್ತಬೇ ಅವ್ವಾ," ಎಂದು ಇಳಿದು, ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದೆ. ತಿರುಗಿದರೆ ಅವ್ವ ಆಗಲೇ ನೆರಳಿನಲ್ಲಿ ಕೂತು ರೊಟ್ಟಿಗೆ ಚಟ್ನಿ ಹಚ್ಚುತ್ತಿದ್ದಳು.

"ಕೀಲಿ ನೀನ ತಿರುವಿದ್ದು ಕಂಡೇನಿ," ಎಂದಳು. "ನಿಮ್ಮಪ್ಪನೂ ಹಿಂಗ ಮಾಡ್ತಿದ್ರು. ಆದ್ರ ಅವರು ಕೈಗೆ ಒಂದೀಟಾದ್ರೂ ಮಸಿ ಹಚ್ಚಿಕೊಂಡ ಬರ್ತಿದ್ರು."