ನಿಧಾನ ಸೈಕಲ್ ಸ್ಪರ್ಧೆ ಇನ್ನೂ ಜಾರಿಯಲ್ಲಿದೆ

ಬಾವಿ ಎಣಿಕೆ ಇಲಾಖೆಯ ಮಕ್ತಲ್, ಗದ್ವಾಲ ಶಾಖೆಗಳ ನೌಕರರ ನಿಧಾನ ಸೈಕಲ್ ಸ್ಪರ್ಧೆಯು ನಾರಾಯಣಪೇಟೆಯ ಮೈದಾನದಲ್ಲಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿಯಮಾನುಸಾರ ಆರಂಭವಾಯಿತು. ದೂರ ಐವತ್ತು ಮೀಟರು. ಕಾಲು ನೆಲಕ್ಕೆ ತಾಗಬಾರದು. ಎಲ್ಲರಿಗಿಂತ ಕೊನೆಗೆ ಮುಟ್ಟಿದವರು ಗೆದ್ದಂತೆ. ಗೆದ್ದವರಿಗೆ ಬೇಡಿದ ಊರಿಗೆ ವರ್ಗ.

ಗದ್ವಾಲದ ಟೈಪಿಸ್ಟ್ ಸರಿತಾಗೆ ನಾರಾಯಣಪೇಟೆ ಬೇಕಾಗಿತ್ತು. ಗಂಡ ಅಲ್ಲಿ ಸೀರೆ ನೇಯುತ್ತಿದ್ದ. ಮೂರು ವರ್ಷದ ಮಗಳು ಅಪ್ಪನ ಬಳಿಯೇ ಇದ್ದಳು. ನಾಲ್ಕು ತಿಂಗಳು ಅಭ್ಯಾಸ ಮಾಡಿದ್ದ ಸರಿತಾ ಐವತ್ತು ಮೀಟರನ್ನು ಒಂಬತ್ತು ನಿಮಿಷದಲ್ಲಿ ದಾಟಿ ತಿರುಗಿ ನೋಡಿದಳು. ಹಿಂದೆ ಉಳಿದವನು ಒಬ್ಬನೇ, ಮಕ್ತಲ್‌ನ ಹಿರಿಯ ಗುಮಾಸ್ತ ಎಂಕಪ್ಪ. ಅವನು ಆರಂಭದ ಗೆರೆಯ ಮೇಲೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕೂತು, ಪೆಡಲ್ ತುಳಿಯುತ್ತಿದ್ದ.

"ಇದು ಮೋಸ ಅಲ್ಲೇನ್ರಿ?" ಎಂದು ಸರಿತಾ ತೀರ್ಪುಗಾರರಾದ ಸೂಪರಿಂಟೆಂಡೆಂಟ್ ಮಹಾಂತಯ್ಯನವರನ್ನು ಕೇಳಿದಳು.

ಮಹಾಂತಯ್ಯನವರು ನಿಯಮಾವಳಿಯನ್ನು ಎರಡು ಸಲ ಓದಿದರು. "ಕಾಲು ತಾಗಬಾರದು ಅಂತ ಐತವ್ವಾ. ಸ್ಟ್ಯಾಂಡಿನ ಮಾತೇ ಇಲ್ಲ. ಗಾಲಿನೂ ತಿರುಗಾಕತ್ತೈತಿ."

ಸೋಮವಾರ ಸುತ್ತೋಲೆ ಬಂತು. ಸದರಿ ಸ್ಪರ್ಧಿಯು ಚಲನೆಯಲ್ಲಿರುವನೆಂದು ಭಾವಿಸತಕ್ಕದ್ದು. ಸ್ಪರ್ಧೆ ಮುಗಿಯುವವರೆಗೆ ಅವನ ಹಾಜರಿಯನ್ನು ಮೈದಾನದಲ್ಲೇ ಹಾಕತಕ್ಕದ್ದು. ಸಂಜೆ ಐದಕ್ಕೆ ಇಬ್ಬರು ಜವಾನರು ಅವನನ್ನು ಕಾಲು ತಾಗದಂತೆ ಹೊತ್ತೊಯ್ದು ಮಕ್ತಲ್ ಬಸ್ಸಿಗೆ ಹತ್ತಿಸಿ, ಬೆಳಿಗ್ಗೆ ಹಾಗೆಯೇ ಇಳಿಸಿಕೊಂಡು ಬರತಕ್ಕದ್ದು.

ಕಡತಗಳೂ ಮೈದಾನಕ್ಕೆ ಬಂದವು. ಅವುಗಳ ವೇಗದಲ್ಲಿ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ.

ಸರಿತಾ ತಕರಾರು ಅರ್ಜಿ ಬರೆದಳು. ತಕರಾರು ಅರ್ಜಿಗಳನ್ನು ನೋಡುವ ಗುಮಾಸ್ತ ಎಂಕಪ್ಪನೇ ಆಗಿದ್ದ. ಅವನು ಅದನ್ನು ಹ್ಯಾಂಡಲಿನ ಬುಟ್ಟಿಯಲ್ಲಿಟ್ಟುಕೊಂಡ.

"ಸ್ಪರ್ಧಾ ಮುಗೀಲಿ ತಂಗಿ. ನಡುವ ತೀರ್ಮಾನ ಮಾಡಿದ್ರ ಪಕ್ಷಪಾತ ಆಗ್ತದ."

"ನಿಮಗ ಯಾವ ಊರು ಬೇಕ್ರಿ?"

"ಮಕ್ತಲ್."

"ಈಗ ಅಲ್ಲೇ ಅದೀರಲ್ರಿ."

"ಅದಕ್ಕ ನನಗ ಅವಸರ ಇಲ್ಲ."

ಸರಿತಾ ಸುತ್ತೋಲೆಯನ್ನು ಮತ್ತೊಮ್ಮೆ ಓದಿದಳು. ಆಮೇಲೆ ಮಹಾಂತಯ್ಯನವರ ಬಳಿ ಹೋದಳು.

"ಸರ್, ಸ್ಪರ್ಧಾ ಮುಗಿಯೋ ತನಕ ಹಾಜರಿ ನಾರಾಯಣಪೇಟೆದಾಗೇನ್ರಿ?"

"ಹೌದು."

"ಎಷ್ಟು ವರ್ಷ ಆದ್ರೂ?"

"ಗಡುವು ಹಾಕಿಲ್ಲವ್ವಾ. ಬರೋ ಸೋಮವಾರ ಸೋತವರಿಗೆ ಎರಡನೇ ಸುತ್ತು ಐತಿ, ಹೆಸರು ಬರಸ್ತೀಯೇನು?"

ಬರೆಸಿ, ಸರಿತಾ ನೇರವಾಗಿ ಬಜಾರಿನ ಸೈಕಲ್ ಅಂಗಡಿಗೆ ಹೋದಳು. ಗಟ್ಟಿ ಸ್ಟ್ಯಾಂಡಿನ ಸೈಕಲ್ಲು ಬೇಕೆಂದಳು.

ಅಂಗಡಿಯ ನರೇಂದರ್ ತಲೆ ಎತ್ತಲಿಲ್ಲ. "ಬಾವಿ ಎಣಿಕೆಯವರೇನ್ರಿ? ಮುಂಜಾನಿಂದ ನಿಮ್ಮೋರು ಹನ್ನೊಂದು ಮಂದಿ ಬಂದು ಹೋದ್ರು. ನಿಮಗ ಗಾಲಿನೂ ಬೇಕೇನ್ರಿ? ಅವರ್ಯಾರೂ ಒಯ್ಲಿಲ್ಲ."