ಅಗ್ಬೆಕೊನ ಗಟ್ಟಿ ಪಾಸ್‌ಪೋರ್ಟ್

ಗಡಿ ದಾಟುವುದೆಂದರೆ ಹೇಗೆಂದು ಈ ಸಲ ಹೆಂಡತಿಗೆ ತೋರಿಸಿಯೇ ಬಿಡಬೇಕು ಎಂದು ಅಕ್ರಾದ ಅಗ್ಬೆಕೊ ಪಣ ತೊಟ್ಟ. ಲಂಡನ್ನಿನಲ್ಲಿ ಅರ್ಧ ಆಯುಷ್ಯ ಬಸ್ಸು ಓಡಿಸಿ ಸಂಪಾದಿಸಿದ ಬ್ರಿಟಿಷ್ ಪಾಸ್‌ಪೋರ್ಟ್ ಅವನ ಕೈಯಲ್ಲಿತ್ತು. ಅದರ ಮುಂದೆ ಹುಟ್ಟೂರಿನ ಘಾನಾ ಪಾಸ್‌ಪೋರ್ಟ್ ಎಷ್ಟು ಸಸಾರವಾಗಿತ್ತೆಂದರೆ, ಅಲುಗಾಡುವ ಫ್ರಿಜ್ಜಿನ ಕಾಲಿಗೆ ಅದನ್ನೇ ಒತ್ತು ಕೊಟ್ಟಿದ್ದ. ಫ್ರಿಜ್ಜು ಅಂದಿನಿಂದ ಮಿಸುಕಿರಲಿಲ್ಲ.

"ಅದನ್ನೂ ತಗೊಳ್ಳಿ, ಯಾಯ್ರಾ ಅಪ್ಪ," ಎಂದಳು ಹೆಂಡತಿ ಅಕ್ಪೆನೆ, ಎಂದಿನಂತೆ ಮಗಳ ಹೆಸರು ಹಿಡಿದು ಕರೆಯುತ್ತ.

"ಯಾಕೆ? ಇದನ್ನ ಕಂಡರೆ ಜಪಾನು, ಫ್ರಾನ್ಸು ಎದ್ದು ನಿಂತು ಬಾಗಿಲು ತೆಗೀತಾವೆ. ನಿನ್ನದಕ್ಕೆ? ಅರ್ಜಿ ಹಾಕು, ಕಾಯಿ, ಅಳು."

"ನಾವು ಹೊರಟಿರೋದು ಜಪಾನಿಗಲ್ಲ, ಲೋಮೆಗೆ."

"ಪಕ್ಕದ ಟೋಗೋ ಯಾವ ಲೆಕ್ಕ?"

ಹೊರಟಿದ್ದು ಸಣ್ಣ ಕೆಲಸಕ್ಕಲ್ಲ. ಅಕ್ಕನ ಮಗ ಎಲಿಕೆಮ್ ಲೋಮೆಯ ಹುಡುಗಿಯೊಬ್ಬಳನ್ನು ಮೆಚ್ಚಿದ್ದ. ಪದ್ಧತಿಯಂತೆ ಸೋದರಮಾವ ಜಿನ್ ಬಾಟಲಿ ಹಿಡಿದು ಹೋಗಿ, ಹುಡುಗಿಯ ಮನೆಬಾಗಿಲು ತಟ್ಟಿ ಮಾತೆತ್ತಬೇಕು. ಇವತ್ತು ತಟ್ಟದಿದ್ದರೆ ನಾಳೆ ತಟ್ಟಲು ಇನ್ನೊಬ್ಬ ಹುಡುಗನ ಕಡೆಯವರು ಕಾದಿದ್ದರು. ಆಡಬೇಕಾದ ಮಾತನ್ನು ಅಗ್ಬೆಕೊ ಎಷ್ಟು ಅಭ್ಯಾಸ ಮಾಡಿದ್ದನೆಂದರೆ, ಬಚ್ಚಲಮನೆಯ ಗೋಡೆಗಳೇ ಹೆಣ್ಣು ಕೊಡಲು ಒಪ್ಪಿದ್ದವು.

ಅಫ್ಲಾವೊ ಗಡಿಯಲ್ಲಿ ತಲೆಯ ಮೇಲೆ ಮೀನಿನ ತಟ್ಟೆ ಹೊತ್ತ ಹೆಂಗಸರು ಹರಟುತ್ತ ಟೋಗೋಗೆ ನಡೆದಿದ್ದರು. ಅಕ್ಪೆನೆ ತನ್ನ ಘಾನಾ ಗುರುತಿನ ಚೀಟಿ ತೋರಿಸಿದಳು, ದಾಟಿದಳು. ಅಗ್ಬೆಕೊ ಎದೆ ಉಬ್ಬಿಸಿ ಪಾಸ್‌ಪೋರ್ಟ್ ಚಾಚಿದ. ಟೋಗೋದ ಅಧಿಕಾರಿ ಹಾಳೆಗಳನ್ನು ಮಗುಚಿ ಹಾಕಿದ.

"ವೀಸಾ ಎಲ್ಲಿ, ಎಫೊ?" ಎಂದ, ಅಣ್ಣನನ್ನು ಕೇಳುವಂತೆ.

"ಮೇಲಿನ ಹೊದಿಕೆ ನೋಡಿದ್ಯಾ?"

"ನೋಡಿದೆ. ಚೆನ್ನಾಗಿದೆ. ವೀಸಾ?"

"ನಾನು ಈ ಮಣ್ಣಿನವನೇ ಕಣಯ್ಯಾ. ನಮ್ಮಜ್ಜಿ ಹುಟ್ಟಿದ್ದು ಆ ತೆಂಗಿನ ಮರದ ಹಿಂದೆ."

"ನೀವಾಡೋ ಎವೆ ಭಾಷೆ ನಮ್ಮದೇ, ಎಫೊ. ಪುಸ್ತಕ ಮಾತ್ರ ಇಂಗ್ಲಿಷರದು. ಘಾನಾದ್ದು ಕೊಡಿ, ನೆರೆಯವರಿಗೆ ವೀಸಾ ಬೇಡ, ಈಗಲೇ ಬಿಡ್ತೀನಿ."

"ಅದು... ಬೇರೆ ಕೆಲಸದಲ್ಲಿದೆ."

"ಯಾವ ಕೆಲಸ?"

"ಫ್ರಿಜ್ಜು ಹೊತ್ತಿದೆ," ಎಂದಳು ಆಚೆಯಿಂದ ಅಕ್ಪೆನೆ.

ಅಕ್ರಾಕ್ಕೆ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಕ್ಪೆನೆ ಕಂಬಿಯ ಸಂದಿಯಿಂದ ಕೈಯೊಡ್ಡಿದಳು. "ಬಾಟಲಿ ಕೊಡಿ."

"ನನ್ನ ಮಾತು? ಅದನ್ನ ಯಾರು ಆಡ್ತಾರೆ?"

"ನಾನೇ. ಬಚ್ಚಲಿಗೆ ಬಾಗಿಲಿತ್ತು ನಿಜ. ನನಗೂ ಕಿವಿ ಇದೆ."

ಅಗ್ಬೆಕೊ ಕಲ್ಲುಬೆಂಚಿನ ಮೇಲೆ ಕುಳಿತ. ತೊಡೆಯ ಮೇಲೆ ಜಪಾನು, ಫ್ರಾನ್ಸುಗಳ ಬಾಗಿಲುಗಳೆಲ್ಲ ತೆರೆದೇ ಇದ್ದವು. ಸಮುದ್ರದ ಗಾಳಿ ಟೋಗೋ ಕಡೆಯಿಂದ ಬಂದು ಅವನ ಗರಿಗರಿ ಅಂಗಿಯನ್ನು ಸುಕ್ಕಾಗಿಸಿತು. ಒಂದು ಮೇಕೆ ಅವನನ್ನು ನಿಧಾನವಾಗಿ ನೋಡಿ, ಟೋಗೋಗೆ ಹೋಯಿತು.

ಸಂಜೆಗೆ ಅಕ್ಪೆನೆ ಬಂದಳು. ಮುಖ ಅರಳಿತ್ತು, ಉಸಿರಿನಲ್ಲಿ ಜಿನ್ನಿನ ವಾಸನೆ.

"ಒಪ್ಪಿದರಾ?" ಅಗ್ಬೆಕೊ ಬೆಂಚಿನಿಂದ ಎದ್ದ.

"ಒಪ್ಪದೆ? ಬಾಟಲಿ ಬಿಚ್ಚಿದರು. ಹುಡುಗಿ ಅತ್ತಳು, ನಾನೂ ಅತ್ತೆ."

ಅವನ ಕಣ್ಣೂ ಒದ್ದೆಯಾಯಿತು. ಆಮೇಲೆ ತಡೆಯಲಾರದೆ ಕೇಳಿದ. "ನನ್ನ ವಿಚಾರ ಬಂತಾ?"

"ಬಂತು. ಹುಡುಗನ ಮಾವ ಎಲ್ಲಿ ಅಂದರು."

"ಏನಂದೆ?"

"ಇದ್ದದ್ದು ಇದ್ದ ಹಾಗೇ ಹೇಳಿದೆ. ಮಾವ ಮನೇಲಿ ಫ್ರಿಜ್ಜಿನಡಿ ಇದ್ದಾರೆ, ನನ್ನ ಜೊತೆ ಗಡಿ ತನಕ ಬಂದಿದ್ದು ಯಾರೋ ಇಂಗ್ಲಿಷಿನವರು ಅಂದೆ."