ಉಡದಣ್ಣನ ಸಾಕ್ಷ್ಯಚಿತ್ರ

ಉಡದಣ್ಣನಿಗೆ ಆದ ಅವಮಾನ ಸಣ್ಣದಲ್ಲ. ಚಹಾ ವಿರಾಮದಲ್ಲಿ, ಕಾರ್ಖಾನೆಯ ಅರ್ಧ ಜನರ ಎದುರಿಗೆ, ವೆಲ್ಡರ್ ಅವನನ್ನು ಬುರುಡೆದಾಸ ಎಂದುಬಿಟ್ಟಿದ್ದ.

ಗೋಡೆಗೆ ಕಚ್ಚಿಕೊಂಡ ಉಡವನ್ನಾದರೂ ಕಿತ್ತು ತೆಗೆಯಬಹುದು, ಮಾತುಕತೆಗೆ ಕೂತ ಈ ಮನುಷ್ಯನನ್ನು ಕೀಳಲಾಗದು ಎಂದೇ ಅವನಿಗೆ ಆ ಹೆಸರು ಬಂದದ್ದು. (ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ.) ಈಗ ಮತ್ತೊಂದು ಮಾತುಕತೆ ಎದುರಿಗಿತ್ತು. ಬಣ್ಣದ ಶೆಡ್ಡಿನಲ್ಲಿ ಗಾಳಿ ಹೊರಹಾಕುವ ಫ್ಯಾನಿಲ್ಲ. ಆ ದಿನ ಯಾವ ಬಣ್ಣ ಹೊಡೆಯುತ್ತಿದ್ದಾರೆಂದು ಅಲ್ಲಿಯವರ ಉಗುಳು ನೋಡಿಯೇ ಹೇಳಬಹುದು. ಫ್ಯಾನು ಹಾಕಿಸಿಕೊಳ್ಳಲು ಬುಧವಾರ ಮಾಲೀಕರ ಮುಂದೆ ಸಂಘದ ಪರವಾಗಿ ಯಾರು ಕೂರಬೇಕು?

"ನಾನೇ" ಎಂದ ಉಡದಣ್ಣ. "ತಾಳ್ಮೆ ಬೇಕಪ್ಪಾ ಅದಕ್ಕೆ! ನನ್ನ ಮಗಳು ಹಾಸ್ಟೆಲ್‌ಗೆ ಹೋಗುವಾಗ ಒಂದು ವಿಡಿಯೋ ಗೇಮ್ ಬಿಟ್ಟುಹೋದಳು. ಟ್ಯಾಂಕು ಹೊಡೆದು ಕೋಟೆ ಉಳಿಸ್ಕೊಳ್ಳೋದು. ಅದರ ಕೊನೇ ಹಂತ ದಾಟಿದೀನಿ ನಾನು. ಎಷ್ಟು ಗುಂಡು ಬಂದ್ರೂ ಈ ಕೈ ಅಲ್ಲಾಡಲ್ಲ."

"ಬಿಡಣ್ಣ ಬುರುಡೆದಾಸ, ಚಹಾ ಲೋಟ ಹಿಡಿದ್ರೇ ಅಲ್ಲಾಡುತ್ತೆ ನಿನ್ನ ಕೈ. ಕೊನೇ ಹಂತವಂತೆ! ಯಾರು ನೋಡಿದಾರೆ?" ಎಂದ ವೆಲ್ಡರ್. ಅವನಿಗೂ ಆ ಕುರ್ಚಿಯ ಮೇಲೆ ಕಣ್ಣು.

ಸಂಘದ ಅಧ್ಯಕ್ಷರು ಹಲ್ಲು ಕಡ್ಡಿ ಆಡಿಸುತ್ತ ತೀರ್ಪು ಕೊಟ್ಟರು: "ಸಾಕ್ಷಿ ತಾ, ನೀನೇ ಕೂರು. ಇಲ್ಲಾಂದ್ರೆ ಅವನು."

ಸಾಕ್ಷಿಗೇನು ಬರ? ಸಂಘದ ಕ್ಯಾಮ್‌ಕಾರ್ಡರ್ ಇತ್ತು. ಮೆರವಣಿಗೆಯಲ್ಲಿ ಲಾಠಿ ಬೀಸಿದವರ ಮೋರೆ ಹಿಡಿಯಲೆಂದು ಕೊಂಡದ್ದು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಚಿತ್ರ ತೆಗೆದವನು ಟೇಪನ್ನು ನೋಡುವಂತಿಲ್ಲ, ಕತ್ತರಿಸುವಂತಿಲ್ಲ, ನೇರ ಕಚೇರಿಯ ಬೀರುವಿಗೆ ಹಾಕಬೇಕು, ಎಲ್ಲರ ಮುಂದೆ ಕೊನೆಯವರೆಗೂ ಓಡಿಸಬೇಕು. ತಿದ್ದಿದ ಟೇಪನ್ನು ಯಾವ ಕೋರ್ಟೂ ಮೂಸಿ ನೋಡುವುದಿಲ್ಲವೆಂದು ಮೇಜು ಕುಟ್ಟಿ ಈ ನಿಯಮ ಮಾಡಿಸಿದ ಮಹಾನುಭಾವ ಉಡದಣ್ಣನೇ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಕಿಟಕಿಯ ಬೆಳಕು ಟಿ.ವಿ. ಗಾಜಿನ ಮೇಲೆ ಬೀಳುತ್ತದೆಂದು ಇದ್ದಬದ್ದ ಕಂಬಳಿಗಳನ್ನೆಲ್ಲ ಕಿಟಕಿಗೆ ಮೊಳೆ ಹೊಡೆದು ಬಿಗಿದ. ಗಾಳಿಗೆ ಕಂಬಳಿ ಅಲ್ಲಾಡುತ್ತದೆಂದು ಫ್ಯಾನು ಬಂದ್. ಸ್ಟೂಲಿನ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ಮಡಚಿದ ಟವೆಲ್, ಟವೆಲ್ಲಿನ ಮೇಲೆ ಕ್ಯಾಮೆರಾ ಪ್ರತಿಷ್ಠಾಪನೆಯಾಯಿತು. ಸೆಕೆ ತಾಳದೆ ತಾನು ಚಡ್ಡಿ ಬನಿಯನ್ನಿನಲ್ಲಿ ಕೂತ. (ಹೇಗೂ ಕ್ಯಾಮೆರಾ ನೋಡುವುದು ಟಿ.ವಿ.ಯನ್ನು, ಅವನನ್ನಲ್ಲ.)

ಹೆಂಡತಿ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ವಾರಕ್ಕೊಂದೇ ರಜೆ ಅವಳಿಗೆ. ಅಡುಗೆಮನೆಯಲ್ಲಿ ಕೆಲಸ ಬೆಟ್ಟದಷ್ಟಿತ್ತು.

"ಲೇ, ಮುಖ್ಯವಾದದ್ದು ಕೇಳು. ಆಟ ಮುಗಿಯೋವರೆಗೂ ಮಿಕ್ಸಿ ಹಾಕಬೇಡ. ವೋಲ್ಟೇಜ್ ಬಿದ್ದು ಗೇಮ್ ಆಫ್ ಆಗುತ್ತೆ. ಮೊದಲಿಂದ ಆಡಬೇಕಾಗುತ್ತೆ."

"ಹೌದಾ?" ಎಂದಳು ಅವಳು.

ತನ್ನ ಮರ್ಮಸ್ಥಾನವನ್ನು ಬೆರಳಿಟ್ಟು ತೋರಿಸಿ ಯುದ್ಧಕ್ಕೆ ಹೊರಟ ಸೇನಾಪತಿ ಭೂಲೋಕದಲ್ಲಿ ಇವನೊಬ್ಬನೇ ಇರಬೇಕು.

ಹಂತದ ಮೇಲೆ ಹಂತ ದಾಟಿದ. ಕೊನೆಯದು ಶುರುವಾಯಿತು. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು.

"ರೀ, ಆ ಕಂಬಳಿಗಳನ್ನ ಒಗೆಯೋರು ಯಾರು?"

"ಶ್! ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ನಂಗೆ ರುಬ್ಬೋದಿದೆ." ಮಿಕ್ಸಿ ಒಂದು ಸಲ 'ಗುರ್' ಎಂದಿತು. ಪರದೆಯ ಮೇಲಿನ ಕೋಟೆ ಸೊಂಟ ಉಳುಕಿದಂತೆ ಬಳುಕಿತು.

"ನಾನು! ನಾನೇ ಒಗೀತೀನಿ!"

"ಅಡುಗೆಮನೆ ನಲ್ಲಿ ಸೋರ್ತಿದೆ ಅಂತ ಬಾಯಿ ನೋಯೋವರೆಗೂ ಹೇಳಿದ್ದಾಯ್ತು."

"ನಾಳೆ ಸಂಜೆ ರಿಪೇರಿ. ಸತ್ಯವಾಗ್ಲೂ!"

"ಬಚ್ಚಲು ಉಜ್ಜೋದು?"

"ಉಜ್ತೀನಿ."

"ಒಂದು ಸಲಾನಾ, ಪ್ರತಿ ವಾರಾನಾ?"

"ಅದು... ಲೇ, ಬಲಗಡೆಯಿಂದ ಟ್ಯಾಂಕು ಬಂತು ಕಣೇ!"

ಗುರ್.

"ಪ್ರತಿ ವಾರ! ಪ್ರತಿ ವಾರ!"

"ನಮ್ಮಮ್ಮ ಬರ್ತಾರೆ. ಒಂದು ತಿಂಗಳು."

ಇಲ್ಲಿ ಉಡದಣ್ಣನೊಳಗಿನ ಹಳೇ ಹೋರಾಟಗಾರ ಮೈ ಕೊಡವಿ ಎದ್ದ. "ಒಂದು ವಾರ!"

"ಎರಡು ತಿಂಗಳು."

"ಆಯ್ತು ಮಹಾತಾಯಿ, ಒಂದು ತಿಂಗಳು!"

"ನೀವು ಮೂತಿ ಊದಿಸ್ಕೊಳ್ದೆ?"

"ಊದಿಸ್ಕೊಳ್ದೆ."

"ಕೇಳಿಸ್ಲಿಲ್ಲ."

"ಅತ್ತೆಯೋರು ಬರ್ಲಿ! ಬರ್ಲಿ, ಬರ್ಲಿ! ಇಲ್ಲೇ ಇರ್ಲಿ!" ಎಂದು ಅವನು ಘೋಷಣೆ ಕೂಗಿದ. ಅದೇ ಉಸಿರಿನಲ್ಲಿ ಕೊನೆಯ ಟ್ಯಾಂಕು ಸಿಡಿಯಿತು. ಕೋಟೆ ಉಳಿಯಿತು! ಚಡ್ಡಿಯಲ್ಲೇ ಎದ್ದು ಕುಣಿದ. ಟೇಪನ್ನು ನಿಯಮದಂತೆ ಲಕೋಟೆಗೆ ಹಾಕಿ ಅಂಟಿಸಿ, ಕಚೇರಿಯ ಬೀರುವಿನಲ್ಲಿಟ್ಟು ಬಂದ.

ಸೋಮವಾರ ಬೆಳಗಿನ ಪಾಳಿಯ ಚಹಾ ಹೊತ್ತಿಗೆ ಸಂಘದ ಕಚೇರಿ ಕಿಕ್ಕಿರಿದಿತ್ತು. ಉಡದಣ್ಣ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಟೇಪು ಓಡಿತು.

ಟಿ.ವಿ.ಯನ್ನು ಕ್ಯಾಮೆರಾದಲ್ಲಿ ಹಿಡಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಪರದೆಯ ತುಂಬ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಉರುಳುತ್ತಿದ್ದವು. ಟ್ಯಾಂಕೂ ಇಲ್ಲ, ಕೋಟೆಯೂ ಇಲ್ಲ. ಮಂಜಿನಲ್ಲಿ ಕಳೆದ ಎಮ್ಮೆ ಹುಡುಕಿದ ಹಾಗೆ. ಕಂಡದ್ದು ಒಂದೇ. ಹಂತ ಬದಲಾಗಿ ಟಿ.ವಿ. ಕಪ್ಪಾದಾಗಲೆಲ್ಲ ಅದರ ಗಾಜು ಕನ್ನಡಿಯಾಗುತ್ತಿತ್ತು. ಮುಂದೆ ಚಡ್ಡಿ ಬನಿಯನ್ನಿನ ಮುಖಂಡ. ಹಿಂದೆ ಅಡುಗೆಮನೆಯ ದೀಪದ ಕೆಳಗೆ ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಮಿಕ್ಸಿಯ ಮೇಲೆ ಇಟ್ಟು ನಿಂತ ಹೆಂಡತಿ.

ಇನ್ನು ದನಿ! ಮೆರವಣಿಗೆಯ ಗದ್ದಲದಲ್ಲಿ ಆ ಕ್ಯಾಮೆರಾಕ್ಕೆ ಇಷ್ಟು ಚುರುಕು ಕಿವಿಯಿದೆಯೆಂದು ಯಾರಿಗೂ ಗೊತ್ತಾಗಿರಲಿಲ್ಲ.

"ಸಾಕು, ನಿಲ್ಸಿ!" ಎಂದು ಉಡದಣ್ಣ ಜಿಗಿದೆದ್ದ.

"ನಿಲ್ಸೋ ಹಾಗಿಲ್ಲಣ್ಣ. ನಿಯಮ ಮಾಡಿಸಿದ್ದು ಯಾರು?" ಎಂದ ವೆಲ್ಡರ್, ಮೇಜು ಹಿಡಿದು ನಗುತ್ತ.

'ಎರಡು ತಿಂಗಳು' ಎಂಬ ಮಾತು ಬಂದಾಗ ಬಣ್ಣದ ಶೆಡ್ಡಿನ ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತೆಯ ಘೋಷಣೆಗೆ ಇಡೀ ಕಚೇರಿ ದನಿಗೂಡಿಸಿತು.

"ಆದ್ರೆ ಗೆದ್ದೆನಲ್ರೀ! ಕೋಟೆ ಉಳೀತಲ್ಲ!" ಎಂದು ಉಡದಣ್ಣ ಗಂಟಲು ಹರಿದುಕೊಂಡ.

ಅಧ್ಯಕ್ಷರು ಕಣ್ಣೊರೆಸಿಕೊಂಡು ಕೇಳಿದರು: "ಯಾವ ಕೋಟೆ?"

ಸಂಜೆ ಅವನು ನಲ್ಲಿಯ ಕೆಳಗೆ ಪಾನಾ ಹಿಡಿದು ಅಂಗಾತ ಮಲಗಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಅಧ್ಯಕ್ಷರು, ಜೊತೆಗೆ ಬಣ್ಣದ ಶೆಡ್ಡಿನ ಇಬ್ಬರು. ಎಷ್ಟಾದರೂ ಹಳೇ ಹುಲಿ, ಕೊನೆಗೆ ತನ್ನನ್ನೇ ಹುಡುಕಿಕೊಂಡು ಬಂದರಲ್ಲ ಎಂದು ಅವನ ಎದೆ ಉಬ್ಬಿತು. ಕೈ ಒರೆಸಿಕೊಂಡು ಹೊರಬಂದ.

ಅಧ್ಯಕ್ಷರು ಅವನನ್ನು ದಾಟಿ ಹೋಗಿ ಅವನ ಹೆಂಡತಿಯ ಮುಂದೆ ನಿಂತರು. "ನೋಡಮ್ಮ, ನೀನೂ ಸಂಘದ ಸದಸ್ಯೆ. ಬುಧವಾರ ಮಾಲೀಕರ ಮುಂದೆ ನೀನು ಕೂರಬೇಕು. ವೆಲ್ಡರೂ ನಿನ್ನ ಪರವಾಗೇ ಕೈ ಎತ್ತಿದಾನೆ. ಇವರ ಕೆಮ್ಮು ಕೇಳಿದೀಯಲ್ಲ, ಆ ಫ್ಯಾನು ಬರಲೇಬೇಕು."

ಅವಳು ಬಂದವರ ಮುಖ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಬರ್ತೀನಿ. ಫ್ಯಾನು ಹಾಕಿಸ್ಕೊಂಡೇ ಏಳ್ತೀನಿ. ಆದ್ರೆ ಇವರನ್ನ ಮಾತ್ರ ಜೊತೆಗೆ ಕೂರಿಸ್ಬೇಡಿ. ಏನು ಕೇಳಿದ್ರೂ ಒಪ್ಕೊಂಡುಬಿಡ್ತಾರೆ."